ಕಿಲೋಮೀಟರ್ ಕಲ್ಲಿನ ಸಂಸಾರ

ನಮ್ಮ ಯಜಮಾನರಿಗೆ ಯಾವ ಊರಿಂದ ಯಾವ ಊರು ಎಷ್ಟು ದೂರ ಎಂಬುದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗೊತ್ತಿತ್ತು. ಚನ್ನಗಿರಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ಜಗಳೂರಿನಿಂದ ಸೊಕ್ಕೆ, ಎಲ್ಲ ಬಾಯಿಪಾಠ. ಗೊತ್ತಿಲ್ಲದ್ದು ಒಂದೇ, ತಮ್ಮ ಮನೆ ಎಷ್ಟು ದೂರ ಎಂಬುದು. ಗೊತ್ತಿರುವುದಾದರೂ ಹೇಗೆ? ಮನೆ ಎಂಬುದು ಇದ್ದರೆ ತಾನೆ!

ಅವರ ಹೆಸರು ಹೇಳುವುದಿಲ್ಲ. ಬದುಕಿದ್ದಾಗಲೇ ಹೇಳಿದವಳಲ್ಲ, ಈಗೇನು ಹೇಳುವುದು. ಕೆಲಸ ಹೇಳುತ್ತೇನೆ. ರಸ್ತೆ ಬದಿಯಲ್ಲಿ ತಲೆಗೊಂದು ಬಣ್ಣ, ಮೈಗೆ ಸುಣ್ಣ ಬಳಿದು, ಊರ ಹೆಸರು, ದೂರ ಬರೆದ ಕಲ್ಲು ನೆಟ್ಟಿರುತ್ತಾರಲ್ಲ, ಆ ಕಲ್ಲುಗಳನ್ನು ಬರೆಯುವ ಕೆಲಸ. ಬಸ್ಸಿನಲ್ಲಿ ಕೂತವರೆಲ್ಲ ಅದನ್ನು ನೋಡಿ ಇನ್ನೂ ಇಷ್ಟು ದೂರ ಇದೆಯಲ್ಲ ಎಂದು ಗೊಣಗುತ್ತಾರೆ. ಅದನ್ನು ಬರೆದವನೊಬ್ಬ ಇದ್ದಾನು, ಅವನಿಗೊಬ್ಬ ಹೆಂಡತಿ ಇದ್ದಾಳು ಎಂದು ಯಾರಿಗಾದರೂ ಹೊಳೆದದ್ದುಂಟೆ? ಮದುವೆಯಾಗುವವರೆಗೆ ನನಗೂ ಹೊಳೆದಿರಲಿಲ್ಲ.

ಎಪ್ಪತ್ತೈದು ಎಪ್ಪತ್ತಾರರ ಮಾತು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಮನೆ ಎಲ್ಲಿ ಎಂದು ಕೇಳಿದ. ರಸ್ತೆ ಬದಿಗೇ ಐತ್ರಿ ಎಂದರು. ನಮ್ಮಪ್ಪನಿಗೆ ಹಿಗ್ಗು, ಮಗಳಿಗೆ ಬಸ್ಸು ಹತ್ತಲು ಸುಲಭ! ಗಾಳಿ ಬೆಳಕು ಹೇಗೆ ಎಂದ. ಬೇಕಾದಷ್ಟು ಐತ್ರಿ ಎಂದರು. ನೀರು? ಹತ್ತು ಹೆಜ್ಜೆಗೆ ಬಾವಿ. ಒಂದಾದರೂ ಸುಳ್ಳು ಹೇಳಿದರೇ? ಇಲ್ಲ. ಮದುವೆಯಾದ ಮೂರನೆಯ ದಿನ ಚನ್ನಗಿರಿ ದಾಟಿ ಒಂದು ಹುಣಸೆ ಮರದ ಕೆಳಗೆ ಬಸ್ಸಿನಿಂದ ಇಳಿಸಿದರು. ಮರಕ್ಕೊರಗಿದ ಸೈಕಲ್ಲು, ಹಗ್ಗಕ್ಕೆ ಇಳಿಬಿಟ್ಟ ಟಾರ್ಪಾಲು, ನಾಲ್ಕು ಬಣ್ಣದ ಡಬ್ಬ. ಮರದ ನೆರಳು ತೋರಿಸಿ, "ಇದು ನಡುಮನೆ" ಎಂದರು. ನಾನು ಚಾಪೆ ಹಾಸಿ ಕೂತೆ. ಇಳಿಹೊತ್ತಿಗೆ ನಡುಮನೆ ಸರಿದು ಯಾರದೋ ಜೋಳದ ಹೊಲದೊಳಗೆ ಹೋಗಿತ್ತು. ಚಾಪೆ ಎತ್ತಿಕೊಂಡು ನಾನೂ ಅದರ ಹಿಂದೆ ಹೋದೆ!

ಆಗ ಅತ್ತುಬಿಟ್ಟೆಯಾ ಎಂದು ಈಗಿನವರು ಕೇಳುತ್ತಾರೆ. ಅಳಲು ಪುರುಸೊತ್ತು ಎಲ್ಲಿತ್ತು? ಅಷ್ಟರಲ್ಲಿ ಕೈಗೆ ಸುಣ್ಣದ ಬಕೆಟ್ಟು ಬಂದಿತ್ತು.

ನಮ್ಮ ಕೆಲಸದ ಕ್ರಮ ಹೀಗೆ. ಹತ್ತು ಕಲ್ಲಿಗೆ ಒಂದು ಬಿಡಾರ. ಬಿಡಾರದ ಈಚೆಗೆ ಐದು ಕಲ್ಲು, ಆಚೆಗೆ ಐದು. ಹಳೆಯ ಬಣ್ಣ ಕೆರೆಯುವುದು ಅವರು, ಸುಣ್ಣ ಹಚ್ಚುವುದು ನಾನು, ಒಣಗಿದ ಮೇಲೆ ಅಕ್ಷರ ಬರೆಯುವುದು ಅವರು. ದಿನಕ್ಕೆ ಎರಡು ಕಲ್ಲು, ಐದು ದಿನಕ್ಕೆ ಹತ್ತು. ಆರನೆಯ ದಿನ ಕೋಳಿ ಕೂಗುವಾಗ ನಾನೆದ್ದು ಒಲೆಗೆ ನೀರು ಹಾಕಬೇಕು, ಒಲೆಯ ಮೂರು ಕಲ್ಲನ್ನು ಒದ್ದು ಚದುರಿಸಬೇಕು, ಗಂಟು ಕಟ್ಟಿ ರಸ್ತೆಗೆ ತಂದಿಡಬೇಕು. ಅವರು ಸೈಕಲ್ಲಿಗೆ ಹೇರಿಕೊಂಡು ಮುಂದೆ, ನಾನು ಹಿಂದೆ. ಹೀಗೆ ವರ್ಷಕ್ಕೆ ಎಷ್ಟು ಸಲ ಸಂಸಾರ ಹೂಡಿದೆನೋ, ಎಷ್ಟು ಸಲ ಕಿತ್ತೆನೋ. ನಾನು ಶಾಲೆಗೆ ಹೋದವಳಲ್ಲ. ನಾಲ್ಕಕ್ಷರ ಕಲಿತದ್ದೂ ಆ ಕಲ್ಲುಗಳ ಮೇಲೆಯೇ. ಅದಕ್ಕೇ ಇಂದಿಗೂ ನನ್ನ ಬರಹ ಬಸ್ಸಿನಿಂದ ಕಾಣುವಷ್ಟು ದಪ್ಪ.

ಇನ್ನು ಆ ಮನುಷ್ಯನ ಲೆಕ್ಕದ ಹುಚ್ಚು! ದಾರಿಹೋಕರು ಹೊನ್ನಾಳಿ ಹತ್ತಿರವೇ ಎಂದು ಕೇಳಿದರೆ, ನಾನು ನೀವು ಹೂಂ ಎಂದು ಕಳಿಸುತ್ತೇವೆ. ಇವರು ಕೇಳಿದವನನ್ನು ನಿಲ್ಲಿಸಿ, ಕಲ್ಲಿನಿಂದ ಅವನ ಕಾಲಿನವರೆಗೆ ಹೆಜ್ಜೆ ಹಾಕಿ ಎಣಿಸಿ, ಹನ್ನೊಂದು ಕಿಲೋಮೀಟರು, ಅದರಲ್ಲಿ ನಲವತ್ತು ಹೆಜ್ಜೆ ಕಳೀರಿ ಎನ್ನುವರು. ಆ ನಲವತ್ತು ಹೆಜ್ಜೆ ಕಳೆಯುವಷ್ಟರಲ್ಲಿ ಅವನ ಬಸ್ಸು ಹೋಗಿರುತ್ತಿತ್ತು!

ಒಬ್ಬನೇ ಒಬ್ಬ ಇವರ ಬಾಯಿ ಮುಚ್ಚಿಸಿದ್ದುಂಟು. ಮೈಲಿ ಹೋಗಿ ಕಿಲೋಮೀಟರು ಬಂದಿದ್ದರೂ ನಮ್ಮ ಕಡೆಯ ಕೆಲವು ರಸ್ತೆಗಳಲ್ಲಿ ಇನ್ನೂ ಮೈಲಿಕಲ್ಲೇ ಇದ್ದವು. ಅವನ್ನು ಬದಲಿಸುವಾಗ ಚನ್ನಗಿರಿ ಕಡೆಯ ಅಜ್ಜನೊಬ್ಬ ಕೋಲೂರಿಕೊಂಡು ಬಂದ.

"ಏನ್ ತಮ್ಮಾ, ನಮ್ಮೂರಿಂದ ಚನ್ನಗಿರಿಗೆ ಐದಿತ್ತು. ನೀನು ಎಂಟು ಮಾಡೀಯ. ಆ ಮೂರು ಯಾರು ನಡೀಬೇಕು, ನಿಮ್ಮಪ್ಪನಾ?"

ಇವರು ಕುಂಚ ಕೆಳಗಿಟ್ಟು, ಒಂದು ಉದ್ದ ಹಗ್ಗ, ಒಂದು ಗಿಡ್ಡ ಹಗ್ಗ ನೆಲಕ್ಕೆ ಹಾಸಿ ಅರ್ಧ ದಿನ ವಿವರಿಸಿದರು. ಅಜ್ಜ ತಾಳ್ಮೆಯಿಂದ ಕೇಳಿದ.

"ತಿಳೀತು ಬಿಡು. ದಾರಿ ಉದ್ದ ಆಗಿಲ್ಲ, ಅಳತೆ ಗಿಡ್ಡ ಆಗೈತೆ. ಹಂಗಾದ್ರೆ ಬಸ್ ಚಾರ್ಜೂ ಗಿಡ್ಡ ಆಗ್ಬೇಕಲ್ಲ?"

ನಮ್ಮ ಯಜಮಾನರು ಅಂದು ಊಟ ಮಾಡಲಿಲ್ಲ.

ಕಾಗದ ಪತ್ರ ಬರುತ್ತಿತ್ತೆ ಎನ್ನುತ್ತೀರಾ? ಯಾಕೆ ಬಾರದು! ನಮ್ಮಕ್ಕ ಕಾರ್ಡು ಬರೆಸುತ್ತಿದ್ದಳು. ವಿಳಾಸ, ಹೊನ್ನಾಳಿ ನ್ಯಾಮತಿ ರಸ್ತೆ, ಎರಡನೆಯ ಕಲ್ಲು. ಪೋಸ್ಟಿನವರು ಸೈಕಲ್ಲು ತುಳಿದು ಬರುವಷ್ಟರಲ್ಲಿ ನಾವು ಹನ್ನೆರಡನೆಯ ಕಲ್ಲಿನಲ್ಲಿರುತ್ತಿದ್ದೆವು. ಅವರು ಅಲ್ಲಿಗೂ ಬಂದು ಕಾರ್ಡಿನ ಜೊತೆಗೆ ಬೈಗುಳವನ್ನೂ ಕೊಟ್ಟು ಹೋಗುತ್ತಿದ್ದರು. ಅಕ್ಕನ ಎಮ್ಮೆ ಕರು ಹಾಕಿದೆ ಎಂಬ ಕಾರ್ಡು ನನ್ನ ಕೈ ಸೇರುವ ಹೊತ್ತಿಗೆ ಆ ಕರು ತಾನೇ ಮೇಯಲು ಹೋಗುತ್ತಿತ್ತಂತೆ!

ಇಷ್ಟೂ ನಗುವ ಮಾತಾಯಿತು. ಮಗಳಿಗೆ ಆರು ತುಂಬಿದಾಗ ನಗು ನಿಂತಿತು.

ಬಿಡಾರ ಬಿದ್ದ ಕಡೆ ಇದ್ದ ಶಾಲೆಗೆ ಅವಳನ್ನು ಕಳಿಸುತ್ತಿದ್ದೆ. ಐದು ದಿನ ಒಂದು ಶಾಲೆ, ಐದು ದಿನ ಇನ್ನೊಂದು. ಹೊಸ ಹುಡುಗಿ ಬಂದಳೆಂದು ಪ್ರತಿಯೊಬ್ಬ ಮೇಷ್ಟರೂ ಅ ಆ ಇ ಈ ಯಿಂದಲೇ ಶುರು. ಒಂದು ವರ್ಷದಲ್ಲಿ ಎಷ್ಟೋ ಶಾಲೆಗಳ ಬಾಗಿಲು ಕಂಡಳು, ಅ ಎಂಬ ಅಕ್ಷರವನ್ನು ಅವಳಷ್ಟು ಚೆಂದ ಬರೆಯುವವರು ಜಿಲ್ಲೆಯಲ್ಲೇ ಇರಲಿಲ್ಲ! ಮುಂದಿನದು ಕೇಳಿದರೆ ಸೊನ್ನೆ. ಸೊಕ್ಕೆಯ ಹತ್ತಿರ ಒಂದು ಶಾಲೆಯಲ್ಲಿ ಮೇಷ್ಟರು ಯಾವ ಊರಮ್ಮ ನಿಂದು ಎಂದು ಕೇಳಿದರಂತೆ. ಇವಳು, "ಹನ್ನೊಂದು" ಎಂದಳಂತೆ. ಅಪ್ಪನ ಊರು ಯಾವುದು ಎಂದರೆ, "ಅಪ್ಪ ಇವತ್ತು ಹದಿಮೂರರಾಗೆ ಅದಾರೆ ಸಾ" ಎಂದಳಂತೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಯಾಕೆ ನಕ್ಕವೆಂದು ಅವಳಿಗೆ ತಿಳಿಯದು. ಬಿಡಾರಕ್ಕೆ ಬಂದು ನನ್ನ ಸೆರಗು ಹಿಡಿದು ಕೇಳಿದಳು.

"ಅವ್ವಾ, ನಮ್ದು ಯಾವೂರು?"

ಅವಳ ಕೈಗೆ ರೊಟ್ಟಿ ಕೊಟ್ಟು ಸುಣ್ಣ ಕಲಸಲು ಎದ್ದೆ. ಮರುದಿನ ಮೇಷ್ಟರೇ ಬಿಡಾರಕ್ಕೆ ಬಂದು, ಹುಡುಗಿ ಚುರುಕಾಗಿದ್ದಾಳೆ, ಒಂದು ಕಡೆ ನಿಲ್ಲಿಸದಿದ್ದರೆ ಮೊದಲನೆಯ ಪಾಠದಲ್ಲೇ ಮುದುಕಿಯಾಗುತ್ತಾಳೆ ಎಂದು ಹೇಳಿ ಹೋದರು. ನಾನು ಯಜಮಾನರ ಎದುರು ನಿಂತೆ.

"ನನಗೆ ಮನೆ ಬೇಕ್ರಿ."

"ಯಾವ ಕಲ್ಲಿನ ಹತ್ರ?" ಎಂದರು. ಮಹಾರಾಯ!

ಅಕ್ಕ ನ್ಯಾಮತಿಯ ಆಚೆ, ಸೂರಗೊಂಡನಕೊಪ್ಪದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನ ಸೊಸೆ. ಅಲ್ಲಿ ಮನೆ ಇಲ್ಲದವರಿಗೆ ಸರ್ಕಾರದಿಂದ ಜಾಗ, ಜನತಾ ಮನೆ ಕೊಡುತ್ತಾರೆಂದು ಗೊತ್ತಾಗಿ ಅವಳು ನಮ್ಮ ಹೆಸರನ್ನೂ ಬರೆಸಿದಳು. ಮನೆ ಇಲ್ಲದವರು ಎಂದರೆ ನಮ್ಮಷ್ಟು ಅರ್ಹರು ಇನ್ನಾರು? ಆದರೆ ಒಂದು ನಿಬಂಧನೆ. ಊರಿನಲ್ಲೇ ವಾಸ ಇರಬೇಕು. ತಾಲ್ಲೂಕಿನಿಂದ ಸಾಹೇಬರು ಯಾವ ದಿನ ಬೇಕಾದರೂ ನೋಡಲು ಬರುತ್ತಾರೆ. ಬಂದಾಗ ಆ ಜಾಗದಲ್ಲಿ ಒಲೆ ಉರಿಯುತ್ತಿರಬೇಕು. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ಊರ ಕೊನೆಯ ಖಾಲಿ ಜಾಗದಲ್ಲಿ ಟಾರ್ಪಾಲು ಕಟ್ಟಿದೆವು. ಸಾಹೇಬರು ಬರುವವರೆಗೆ ಇಲ್ಲಿಂದ ಅಲ್ಲಾಡಿದರೆ ನೋಡಿ ಎಂದು ಯಜಮಾನರಿಗೆ ತಾಕೀತು ಮಾಡಿದೆ. ಮೊದಲನೆಯ ದಿನ ಅಕ್ಕನ ಬಾಗಿಲಿಗೆ ಬಣ್ಣ ಬಳಿದರು. ಎರಡನೆಯ ದಿನ ಗುಡಿಯಿಂದ ಬಾವಿಗೆ, ಬಾವಿಯಿಂದ ಗುಡಿಗೆ ಹೆಜ್ಜೆ ಎಣಿಸಿದರು. ಹೋಗುವಾಗ ಇದ್ದದ್ದಕ್ಕಿಂತ ಬರುವಾಗ ಎರಡು ಹೆಜ್ಜೆ ಜಾಸ್ತಿ ಬಂತೆಂದು ಮತ್ತೆ ಎಣಿಸಿದರು. ಮೂರನೆಯ ದಿನ ಯಾರೂ ಕೇಳದೆಯೇ ಊರ ಮನೆಗಳಿಗೆಲ್ಲ ನಂಬರು ಬರೆಯಲು ಶುರುಮಾಡಿದರು! ರಸ್ತೆ ಕಲ್ಲಿನ ಹಾಗೆಯೇ, ಬಸ್ಸು ನಿಲ್ಲುವ ಜಾಗದಿಂದ ವರಸೆಯಾಗಿ. ಒಂದನೆಯ ನಂಬರು ಬಿದ್ದದ್ದು ಅಲ್ಲಿ ಚಹಾ ಕಾಯಿಸುವ ಮುದುಕಿಯ ಗುಡಿಸಲಿಗೆ. ಆ ದಿನದಿಂದ ಅವಳ ನಡಿಗೆಯೇ ಬೇರೆಯಾಯಿತು. ಗೌಡರ ಮನೆಗೆ ಬಂದದ್ದು ಇಪ್ಪತ್ಮೂರು. ಗೌಡರು ಸಿಟ್ಟಾಗಿ ಬಂದು ಒಂದು ತಮಗೇ ಬೇಕೆಂದರು. ಮನೆ ಕಿತ್ತು ಬಸ್ಸಿನ ಹತ್ತಿರ ಕಟ್ಟಿಕೊಂಡರೆ ಈಗಲೇ ಬರೆಯುತ್ತೇನೆ ಎಂದು ಇವರು ವಿನಯದಿಂದಲೇ ಹೇಳಿದರು. ಐದನೆಯ ದಿನಕ್ಕೆ ನಲವತ್ತೊಂದು ಮನೆ ಮುಗಿದವು. ಬಣ್ಣ ಇನ್ನೂ ಉಳಿದಿತ್ತು. ನಮ್ಮ ಖಾಲಿ ಜಾಗದಲ್ಲಿ ಒಂದು ಚಪ್ಪಡಿ ನೆಟ್ಟು ಅದಕ್ಕೆ ನಲವತ್ತೆರಡು ಎಂದು ಬರೆದರು. ಮನೆಯೇ ಇಲ್ಲ, ನಂಬರು ಇದೆ! ಊರೇ ಬಂದು ನೋಡಿ ನಕ್ಕು ಹೋಯಿತು.

ಇವರು ಎಲ್ಲಿ ಸೈಕಲ್ಲು ಹತ್ತಿ ಹೋಗಿಬಿಡುತ್ತಾರೋ ಎಂದು ಐದು ದಿನವೂ ಕಾವಲು ಕಾದವಳು ನಾನು. ಆರನೆಯ ದಿನ ಬೆಳಗ್ಗೆ ಏನಾಯಿತು ಕೇಳಿ. ಕೋಳಿ ಕೂಗಿತು. ಎದ್ದೆ. ಒಲೆಗೆ ನೀರು ಹಾಕಿದೆ. ಮೂರು ಕಲ್ಲನ್ನು ಒದ್ದೆ. ಟಾರ್ಪಾಲು ಬಿಚ್ಚಿ, ಗಂಟು ಕಟ್ಟಿ, ರಸ್ತೆಗೆ ತಂದಿಟ್ಟು, ಮಗಳಿಗೆ ಜಡೆ ಹಾಕಿ, ಇನ್ನೂ ಸೈಕಲ್ಲು ತರಲಿಲ್ಲವಲ್ಲ ಎಂದು ಹಿಂದಿರುಗಿ ನೋಡಿದೆ. ನಮ್ಮ ಯಜಮಾನರು ಚಪ್ಪಡಿಗೆ ಒರಗಿ ಬೀಡಿ ಸೇದುತ್ತ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಗೆ ಹೊಂಟೀಯ?" ಎಂದರು.

ನನ್ನ ತಲೆಗೆ ಬಡಿದ ಹಾಗಾಯಿತು. ಮನೆ ಬೇಕೆಂದು ಹಟ ಹಿಡಿದವಳು ನಾನು, ಕಿತ್ತವಳೂ ನಾನೇ! ಓಡಿಹೋಗಿ ಗಂಟು ಬಿಚ್ಚೋಣ ಎನ್ನುವಷ್ಟರಲ್ಲಿ ಜೀಪು ಬಂದು ನಿಂತಿತು. ಸಾಹೇಬರು ಇಳಿದರು, ಜೊತೆಗೊಬ್ಬ ಗುಮಾಸ್ತ. ಗಂಟು ನೋಡಿದರು. ಒದ್ದೆ ಬೂದಿ ನೋಡಿದರು. ಹೊರಟಿರೇನಮ್ಮ ಎಂದು ಕೇಳಿದರು. ಗುಮಾಸ್ತ, ರಸ್ತೆ ಕೆಲಸದವರು ಸಾರ್, ಇವತ್ತು ಇಲ್ಲಿ ನಾಳೆ ಇನ್ನೆಲ್ಲೋ ಎಂದು ಸೇರಿಸಿದ. ಸಾಹೇಬರು ಪಟ್ಟಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಮಗಳು ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು.

"ಸಾಹೇಬ್ರೆ, ಹೋಗಾಕಲ್ರಿ," ಎಂದೆ. "ಐದು ದಿನಕ್ಕೊಮ್ಮೆ ಒಲೆ ಕಿತ್ತು ಕಿತ್ತು ರೂಢಿ ಆಗೈತ್ರಿ. ಕೈ ತಾನೇ ಮಾಡಿಬಿಡ್ತು."

ಇಂಥ ಮಾತನ್ನು ಯಾರು ನಂಬುತ್ತಾರೆ? ಅವರಿಗೆ ನಗುವೂ ಬರಲಿಲ್ಲ. ಆಗ ನಮ್ಮ ಯಜಮಾನರು ಬೀಡಿ ಆರಿಸಿ ಎದ್ದು ಬಂದರು.

"ಸಾರ್, ನಿಮಗೆ ಈ ಜಾಗ ಹೆಂಗೆ ಸಿಕ್ತು?"

ಬಸ್ಸಿನ ಹತ್ತಿರದ ಮುದುಕಿ ನಲವತ್ತೆರಡಕ್ಕೆ ಹೋಗಿ ಎಂದಳು, ನಂಬರು ನೋಡುತ್ತ ನೆಟ್ಟಗೆ ಬಂದೆವು, ಯಾಕೆ ಎಂದರು ಸಾಹೇಬರು.

"ಆ ನಂಬರೆಲ್ಲ ನಾನೇ ಬರೆದಿದ್ದು ಸಾರ್. ಹೋಗೋನು ಆಗಿದ್ರೆ ನಲವತ್ತೊಂದಕ್ಕೇ ನಿಲ್ಲಿಸ್ತಿದ್ದೆ."

ಸಾಹೇಬರು ತಿರುಗಿ ಬೀದಿಯ ಉದ್ದಕ್ಕೂ ನೋಡಿದರು. ಬಗ್ಗಿ ಚಪ್ಪಡಿಯ ಮೇಲೆ ಬೆರಳಿಟ್ಟರು. ಬಣ್ಣ ಬೆರಳಿಗೆ ಅಂಟಿತು. ಕರವಸ್ತ್ರದಲ್ಲಿ ಒರೆಸಿಕೊಂಡು, ನನ್ನ ಕಡೆ ತಿರುಗಿ, "ಒಲೆ ಹಚ್ಚಮ್ಮ. ಉರಿಯೋದು ನೋಡಿಯೇ ನಾನು ಬರೀಬೇಕು" ಎಂದರು. ಅಷ್ಟು ಬೇಗ ನಾನು ಜನ್ಮದಲ್ಲಿ ಒಲೆ ಹೂಡಿಲ್ಲ! ಗುಮಾಸ್ತನಿಗೂ ಚಹಾ ಕೊಟ್ಟೆ, ಸ್ವಲ್ಪ ಸಕ್ಕರೆ ಕಡಿಮೆ ಹಾಕಿ.

ಮರುವರ್ಷ ಮನೆ ಎದ್ದಿತು. ನಾಲ್ಕು ಗೋಡೆ, ಹೆಂಚು, ಒಂದು ಬಾಗಿಲು. ಮಗಳು ಶಾಲೆ ಸೇರಿದಳು, ಅ ದಾಟಿದಳು, ಒತ್ತಕ್ಷರಕ್ಕೂ ಬಂದಳು. ಜಗಳೂರು ರಸ್ತೆಯ ಕೆಲಸ ಬಂತೆಂದು ಯಜಮಾನರು ಶನಿವಾರ ಬರುತ್ತೇನೆ ಎಂದು ಹೇಳಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ನನಗೆ ಬೇಸರವೆ? ಎಲ್ಲಿಯ ಬೇಸರ! ಇಟ್ಟ ಚೊಂಬು ಇಟ್ಟಲ್ಲೇ ಇರುವ ಸುಖವನ್ನು ಆಗಷ್ಟೇ ಕಾಣುತ್ತಿದ್ದೆ. ಶನಿವಾರ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ರಸ್ತೆಯ ರುಚಿ ಬಿಡದ ಮನುಷ್ಯ, ನಮ್ಮನ್ನು ಮರೆತೇಬಿಟ್ಟ ಎಂದು ಉರಿದುಹೋಯಿತು. ಮೂರನೆಯ ಶನಿವಾರ ಅರ್ಧ ದಿನದ ಶಾಲೆ ಬಿಡುವುದನ್ನೇ ಕಾದು, ಬೀಗ ಜಡಿದು, ಮಗಳನ್ನು ಎಳೆದುಕೊಂಡು ಬಸ್ಸು ಹತ್ತಿದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಜಗಳೂರು ಸಮೀಪಿಸಿದಾಗ ಕಿಟಕಿಯಿಂದ ನೋಡಿದರೆ ಕಲ್ಲುಗಳೆಲ್ಲ ಬೋಳು. ಹಳೆಯ ಬಣ್ಣ ಕೆರೆದು ಹಾಕಿದೆ, ಹೊಸತು ಬಳಿದಿಲ್ಲ. ಒಂದಲ್ಲ ಎರಡಲ್ಲ, ಹತ್ತು ಕಲ್ಲು. ಯಜಮಾನರು ಹತ್ತನೆಯದಕ್ಕೆ ಒರಗಿ ಕೂತಿದ್ದರು. ಬಸ್ಸು ನಿಲ್ಲಿಸಿ ಇಳಿದೆ. ಪಕ್ಕದಲ್ಲಿ ಬಕೆಟ್ಟು, ಅದರಲ್ಲಿ ನೆನೆಸಿಟ್ಟ ಸುಣ್ಣ, ಮೇಲೆ ನನ್ನ ಕುಂಚ.

"ಹದಿನೈದು ದಿನ ಏನು ಮಾಡಿದ್ರಿ?"

"ಕೆರೆದು ಇಟ್ಟೀನಿ."

"ಸುಣ್ಣ ಹಚ್ಚಾಕೆ ಕೈ ಇರ್ಲಿಲ್ಲೇನ್ರಿ?"

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. "ಸುಣ್ಣ ನಿಂದಲ್ಲೇನು?" ಎಂದರು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಸೋಮವಾರ ಮಗಳಿಗೆ ಶಾಲೆ, ಅಷ್ಟರೊಳಗೆ ಹತ್ತು ಕಲ್ಲು ಬೆಳ್ಳಗಾಗಬೇಕಿತ್ತು.