ಮೂರನೇ ಮಹಡಿಯ ನಲ್ಲಿ ಮತ್ತು ನನ್ನ ಒಕ್ಕಣೆ

ನನ್ನ ದಿನಚರಿಯನ್ನು ಯಾರಾದರೂ ಕದ್ದು ಓದಿದರೆ ಅವರಿಗೆ ನನ್ನ ವಿಷಯ ಏನೂ ತಿಳಿಯುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಓದಿದರೆ ನನಗೂ ತಿಳಿಯುವುದಿಲ್ಲ. ನೆನಪು ನಮ್ಮನ್ನು ನಾವಿದ್ದದ್ದಕ್ಕಿಂತ ಚೆಂದವಾಗಿ ತೋರಿಸುತ್ತದೆ, ಅದನ್ನು ನಂಬಬಾರದು ಎಂದು ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುತ್ತ ಬಂದವನು ನಾನು. ಆದರೆ ಸರ್ಕಾರಿ ನೌಕರಿ ಸೇರಿದ ಮೇಲೆ ಅದರ ತುಂಬ 'ಸದರಿ ವಿಷಯವಾಗಿ ಮನೆಯಲ್ಲಿ ಚರ್ಚೆ. ಸೂಕ್ತ ಕ್ರಮ ಜರುಗಿಸಲಾಯಿತು' ಎಂಬಂಥ ವಾಕ್ಯಗಳೇ. ಯಾವ ವಿಷಯ, ಎಂಥ ಕ್ರಮ, ಜರುಗಿಸಿದ್ದು ನಾನೋ ನನ್ನ ಹೆಂಡತಿಯೋ, ದೇವರಿಗೇ ಗೊತ್ತು. ಆದ್ದರಿಂದ ಈಗ ಹೇಳಹೊರಟಿರುವ ನಲ್ಲಿಯ ಪ್ರಸಂಗದಲ್ಲಿ ನಾನು ಎಲ್ಲಿಯಾದರೂ ತೀರ ಜಾಣನಂತೆ ಕಂಡರೆ ಆ ಭಾಗವನ್ನು ಓದುಗರು ನಂಬದಿರುವುದು ಒಳ್ಳೆಯದು.

ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನನ್ನ ಕೆಲಸ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವನೆಂದು ಕಷ್ಟದ ಕಾಗದಗಳೆಲ್ಲ ನನ್ನ ಮೇಜಿಗೇ ಬರುತ್ತವೆ. 'ಆಗುವುದಿಲ್ಲ' ಎಂಬುದನ್ನು ಒಂದು ಪುಟ ಬೆಳೆಸಿ, ಓದಿದವನು ಆಯಿತೆಂದೇ ತಿಳಿದು ಸಂತೋಷವಾಗಿ ಮನೆಗೆ ಹೋಗುವಂತೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸೂರತ್, ಬರೋಡಾ ಶಾಖೆಗಳವರು ಕೂಡ ತಮ್ಮ ಕರಡುಗಳನ್ನು ತಿದ್ದಲು ನನಗೆ ಕಳಿಸುತ್ತಾರೆ. ಅವರು ಹೇಳಬೇಕೆಂದಿದ್ದದ್ದು ಏನು ಎಂಬುದರ ಸುಳಿವೂ ಉಳಿಯದಂತೆ ತಿದ್ದಿ ಹಿಂದಿರುಗಿಸುತ್ತೇನೆ.

ನಮ್ಮ ಕ್ವಾರ್ಟರ್ಸ್ ನದಿಯಾಚೆ, ಮೂರನೇ ಮಹಡಿಯಲ್ಲಿ. ಒಂದು ಬೇಸಿಗೆ ಸಾಬರಮತಿಯ ಪಾತ್ರದಲ್ಲಿ ಮರಳಷ್ಟೇ ಉಳಿದ ಹೊತ್ತಿಗೆ ನಮ್ಮ ನಲ್ಲಿಯೂ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಕೆಳಗಿನ ಮನೆಗಳಿಗೆಲ್ಲ ನೀರು ಬರುತ್ತಿತ್ತು, ನಮಗೆ ಮಾತ್ರ ಇಲ್ಲ. ನೆಲಮಹಡಿಯ ಜಸುಬೆನ್ ಮನೆಯಿಂದ ಕೊಡ ಹೊತ್ತು ಹತ್ತಿ ಇಳಿದು ನನ್ನ ಹೆಂಡತಿ ವಿಮಲಾಗೆ ಸಾಕಾಯಿತು. ಅವಳು ಧಾರವಾಡದವಳು, ಮಾತು ನೇರ.

"ಊರಮಂದಿಗೆಲ್ಲಾ ಕಾಗದ ಬರಕೊಡ್ತೀರಿ. ನಮ್ಮನಿದೊಂದು ಬರೀಲಿಕ್ಕೆ ಏನು ಧಾಡಿ?"

ಬರೆದೆ. ಕ್ವಾರ್ಟರ್ಸ್ ನೋಡಿಕೊಳ್ಳುವ ಮೆಹತಾ ಅವರಿಗೆ ಇಂಗ್ಲಿಷಿನಲ್ಲಿ ಒಂದು ನಿವೇದನೆ. ಅವರ ವಿಭಾಗ ಹಗಲಿರುಳೂ ಸಲ್ಲಿಸುತ್ತಿರುವ ಸೇವೆಯ ವರ್ಣನೆಯಿಂದ ಶುರುವಾಗಿ, ಜಲಸರಬರಾಜಿನ ಇತಿಹಾಸವನ್ನು ಹಾದು, ನಮ್ಮ ನಲ್ಲಿಯ 'ಸದ್ಯದ ಸ್ಥಿತಿ' ಅವರ ಅವಗಾಹನೆಗೆ ಅರ್ಹವಾಗಿರಬಹುದೇನೋ ಎಂಬ ನಮ್ರ ಸಂಶಯದಲ್ಲಿ ಅದು ಮುಗಿಯುತ್ತಿತ್ತು. ವಿಮಲಾಗೆ ಅರ್ಥ ಹೇಳಿದೆ. "ನೀರು ಬರಂಗಿಲ್ಲ ಅಂತ ಎಲ್ಲಿ ಬರದೀರಿ?" ಎಂದಳು. ಅದು ಧ್ವನಿಯಲ್ಲಿದೆ ಎಂದೆ.

ಉತ್ತರ ಬಂತು. ತಮ್ಮ ವಿಭಾಗದ ಬಗ್ಗೆ ನಾನು ವ್ಯಕ್ತಪಡಿಸಿದ ಮೆಚ್ಚುಗೆಯನ್ನು ಕೃತಜ್ಞತೆಯಿಂದ ಕಡತದಲ್ಲಿ ಸೇರಿಸಲಾಗಿದೆಯಂತೆ.

ವಿಮಲಾ ಟ್ರಂಕ್ ಕಟ್ಟಿದಳು. "ನಲ್ಲಿಯೊಳಗ ನೀರು ಬಂದ ದಿನ ನಾನೂ ಬರತೀನಿ" ಎಂದು ಹೇಳಿ ಧಾರವಾಡಕ್ಕೆ ಹೊರಟುಹೋದಳು. ಅವಳು ತಮಾಷೆಗೆ ಹೇಳಿದಳೆಂದು ಮೊದಲು ಅಂದುಕೊಂಡೆ. ಹೊರಟಾಗ ಉಪ್ಪಿನಕಾಯಿ ಭರಣಿಯನ್ನೂ ಒಯ್ದಿದ್ದಳೆಂದು ಆಮೇಲೆ ತಿಳಿಯಿತು. ಗಾಬರಿಯಾಗಿ ಕಾಗದ ಬರೆದೆ: 'ತಮ್ಮ ಶೀಘ್ರ ಪುನರಾಗಮನದ ಸಾಧ್ಯತೆಯನ್ನು ಪರಿಶೀಲಿಸಬೇಕಾಗಿ ಕೋರಿಕೆ.' ಉತ್ತರ ಬರೆದದ್ದು ಮಾವನವರು. "ಅಳಿಯಂದಿರೇ, ವಿಮಲಾನ ರಜಾ ಅರ್ಜಿ ನಾ ಸಹಿ ಮಾಡಿ ಕಳಸಬೇಕೋ, ನೀವೇ ಮಂಜೂರ ಮಾಡಿಕೊಳ್ಳತೀರೋ?"

ಒಂದು ಬೆಳಿಗ್ಗೆ ನಾನೇ ಕೊಡ ಹೊತ್ತು ಮೆಟ್ಟಿಲು ಹತ್ತಿ, ಅರ್ಧ ನೀರನ್ನು ಅಂಗಿಯ ಮೇಲೆ ಹಾಕಿಕೊಂಡು ಕಚೇರಿಗೆ ಹೋದೆ. ಪೀಠಿಕೆ ಕಟ್ಟಲು ಮೈಯಲ್ಲಿ ಶಕ್ತಿಯಿರಲಿಲ್ಲ. ಮೆಹತಾರಿಗೆ ಇಷ್ಟೇ ಬರೆದೆ: 'ಮೂರನೇ ಮಹಡಿಗೆ ನೀರು ಬರುತ್ತಿಲ್ಲ. ಅದಕ್ಕೇ ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ. ಅವಳಿಲ್ಲದೆ ನನಗೆ ಬಹಳ ಕಷ್ಟವಾಗಿದೆ. ದಯವಿಟ್ಟು ಸರಿಮಾಡಿಸಿ.'

ಮಧ್ಯಾಹ್ನವೇ ಮೆಹತಾ ಖುದ್ದಾಗಿ ಏದುಸಿರು ಬಿಡುತ್ತ ನನ್ನ ಮೇಜಿಗೆ ಬಂದರು.

"ಅರೇ ರಾವ್ ಸಾಹೇಬ್, ಆ ಶುಂ ಥಈ ಗಯುಂ! ಇದೇನಾಗಿ ಹೋಯಿತು! ಭಾಬೀಜಿ ಬಿಟ್ಟೇ ಹೋದರೇ?"

"ಬಿಟ್ಟು ಹೋಗಿಲ್ಲ ಮೆಹತಾಭಾಯ್. ನೀರಿಲ್ಲ ಅಂತ ಹೋಗಿದ್ದಾಳೆ."

"ಮೊದಲ ಕಾಗದ ಓದಿ ನೀವು ಪರಮಸುಖಿ ಅಂದುಕೊಂಡಿದ್ದೆ. ಇದನ್ನು ಓದಿ ಊಟ ಬಿಟ್ಟು ಓಡಿಬಂದೆ. ನಿಮ್ಮಂಥವರು ಹೀಗೆ ಬರೆಯಬೇಕಾದರೆ ಮನೆ ಮುರಿದೇ ಹೋಗಿರಬೇಕು!"

ಸಂಜೆಯೊಳಗೆ ತಾರಸಿಯ ಟ್ಯಾಂಕಿನ ಹತ್ತಿರ ಯಾರೋ ಮುಚ್ಚಿ ಮರೆತಿದ್ದ ವಾಲ್ವ್ ತಿರುಗಿ, ನಲ್ಲಿ ಕೆಮ್ಮಿ ಕೆಮ್ಮಿ ನೀರು ಸುರಿಸಿತು. ಸುದ್ದಿ ಮಾತ್ರ ನೀರಿಗಿಂತ ಜೋರಾಗಿ ಹರಿದಿತ್ತು. ಕಚೇರಿಯಲ್ಲಿ ಸಹೋದ್ಯೋಗಿಗಳು ನನ್ನ ಬೆನ್ನು ತಟ್ಟಿ ಢೋಕ್ಲಾ ತಿನ್ನಿಸಿದರು. ಜಸುಬೆನ್ ಥೇಪ್ಲಾ ರೊಟ್ಟಿ ತಂದಿಟ್ಟು, "ಭಾಯ್, ಹೆಂಗಸರ ಕೋಪ ಮಳೆ ಬಂದರೆ ಇಳಿಯುತ್ತೆ" ಎಂದು ಕಣ್ಣೊರೆಸಿಕೊಂಡರು. ಸ್ಪಷ್ಟವಾಗಿ ಬರೆದರೆ ಕೆಲಸವಾಗುತ್ತದೆ, ಮಾನ ಮಾತ್ರ ಉಳಿಯುವುದಿಲ್ಲ ಎಂದು ಆಗ ತಿಳಿಯಿತು. ಆದರೂ ಹೊಸ ಶೈಲಿಯ ಹುಮ್ಮಸ್ಸಿನಲ್ಲಿ ಧಾರವಾಡಕ್ಕೆ ಒಂದು ಕಾರ್ಡು ಹಾಕಿದೆ: 'ನೀರು ಬಂದಿದೆ. ನೀನೂ ಬಾ.'

ಬಂದಳು. ಟ್ರಂಕನ್ನು ಹೊಸ್ತಿಲಲ್ಲೇ ಬಿಟ್ಟು ಸೀದಾ ಹೋಗಿ ನಲ್ಲಿ ತಿರುಗಿಸಿ, ನೀರು ನೋಡಿ, ನಿಲ್ಲಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೆಳಗೆ ಜಸುಬೆನ್ ಅವಳನ್ನು ಆಗಲೇ ತಡೆದು ನಿಲ್ಲಿಸಿ ಎಲ್ಲ ಹೇಳಿದ್ದರು.

"ಆ ಮೆಹತಾಗ 'ಹೆಂಡತಿ ಇಲ್ಲದ ಭಾಳ ಕಷ್ಟ ಆಗೇದ' ಅಂತ ಬರದೀರಂತ. ನನಗ ಬರೇ ನೀರಿಂದು ಬರದೀರಿ. ನಾನೇನು ಪ್ಲಂಬರ್ ಏನು?"

ಆಗ ನಾನು ಏನು ಉತ್ತರ ಕೊಟ್ಟೆ? ಬಹಳ ಮೃದುವಾದ ಒಂದು ಮಾತು ಹೇಳಿದೆನೆಂದೂ ಅವಳು ತಲೆ ತಗ್ಗಿಸಿ ನಕ್ಕಳೆಂದೂ ನೆನಪು ಹೇಳುತ್ತದೆ. ಅನುಮಾನ ಬಂದು ಇದೀಗ ದಿನಚರಿ ತೆಗೆದು ನೋಡಿದೆ. 'ಕುಟುಂಬದವರು ಊರಿಂದ ಆಗಮಿಸಿದರು. ಸದರಿ ವಿಷಯ ಇತ್ಯರ್ಥವಾಗಿದೆ' ಎಂದಿದೆ. ಕಾಫಿ ತಂದ ವಿಮಲಾ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಇತ್ಯರ್ಥ ಆಗೇದ ಅಂತ ನಿಮಗ ಯಾರು ಹೇಳ್ಯಾರ? ಅವತ್ತು ನೀವು ಬಾಯೇ ಬಿಡಲಿಲ್ಲ. ತಗೋರಿ ಪೆನ್ನು. ಈಗ ಬರೀರಿ."

ಕಾಫಿ ಆರುತ್ತಿದೆ, ಅವಳು ಕದಲುತ್ತಿಲ್ಲ. 'ನೀನಿಲ್ಲದ ಅವಧಿಯಲ್ಲಿ' ಎಂಬಷ್ಟು ಬರೆದಿದ್ದೇನೆ. ಮುಂದಿನದು ಪರಿಶೀಲನೆಯಲ್ಲಿದೆ.