ಅಲುಗದ ಮುಳ್ಳು

ಪೆಟ್ಟಿಗೆಗೆ ಬೀಗ ಹಾಕಿದ್ದೇ ಕಿರಣ್‌ಕುಮಾರನ ತಪ್ಪು. ಹಾಕದೆ ಹೋಗಿದ್ದರೆ ಊರಿನವರು ಅದರ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಕಿತ್ತೇ ಬಿಡುತ್ತಿದ್ದರು ಅನ್ನುವುದೂ ಅಷ್ಟೇ ನಿಜ.

ಕಿರಣ್ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಮದುವೆಗೂ ಮುಂಚಿನಿಂದ ಪಿಎಚ್‌ಡಿ ಎಳೆಯುತ್ತಿದ್ದ. ಯಂತ್ರದ ಸುತ್ತ ನಾಲ್ಕಾರು ಸಂಗತಿಗಳು ಒಟ್ಟೊಟ್ಟಿಗೇ ಏರುಪೇರಾದರೂ ಅದು ಹತೋಟಿ ತಪ್ಪಬಾರದು. ತಪ್ಪುವುದಿಲ್ಲವೆಂದು ಹಲವು ಸಂಕೀರ್ಣ ಚರಗಳ ಗಣಿತದಿಂದ ಮೊದಲೇ ಸಾಧಿಸಬೇಕು. ಇದು ಅವನ ವಿಷಯ.

"ಕಾಗದದ ಮೇಲೆ ಸರಿ. ಬೆಂಕಿ ಮುಂದೆ ತೋರಿಸಿ, ಸಹಿ ಹಾಕ್ತೀನಿ," ಎಂದಿದ್ದರು ಗೈಡ್ ಅಮರನಾಥ. ಗಡುವು ಮುಗಿಯುತ್ತಾ ಬಂದಿತ್ತು. ಕಿರಣ್ ಕೊಣನೂರಿನ ಹತ್ತಿರ, ಮಾವ ಚಿಕ್ಕಬೀರಯ್ಯನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ದಪ್ಪ ಕಬ್ಬಿಣದ ಪೆಟ್ಟಿಗೆ ಕೂರಿಸಿದ. ಒಳಗೆ ಕಾವು ಇಳಿದರೆ ಒಲೆಯ ಫ್ಯಾನು ಜೋರಾಗುತ್ತದೆ, ಏರಿದರೆ ಮೇಲಿನ ಕಿಟಕಿ ತಾನೇ ತೆರೆಯುತ್ತದೆ.

"ಅಳಿಮಯ್ಯ, ಸೊಪ್ಪು ಕೆಟ್ರೆ ವರ್ಸದ ಅನ್ನ ಕೆಟ್ಟಂಗೆ ಕಣಪ್ಪ," ಎಂದ ಮಾವ.

"ಏನೇ ಆದ್ರೂ ಕಾವು ತೋರಿಸೋ ಮುಳ್ಳು ಅಲುಗಲ್ಲ ಮಾವ."

ಸೊಪ್ಪು ತುಂಬಿ ಒಲೆ ಹಚ್ಚಿದ ಮರುದಿನ ಬೆಳಗ್ಗೆ ಗೈಡ್ ಬಂದರು. ಕಳ್ಳಾಟವಿಲ್ಲವೆಂದು ತೋರಿಸಲು ಕಿರಣ್ ಬೀಗ ಜಡಿದು, ಬೀಗದ ಕೈಯನ್ನು ಅವರಿಗೇ ಒಪ್ಪಿಸಿದ. ಅಷ್ಟರಲ್ಲಿ ಪಕ್ಕದ ಹೊಲದ ದೇವಯ್ಯ ಹಾಜರಾದ. ಬೇರೆಯವರ ಒಲೆ ಕಂಡರೆ ಅವನ ಕೈ ಕೆರೆಯುತ್ತದೆ.

"ಇಂಗ್ ಉರಿ ಆಕುದ್ರೆ ಸೊಪ್ಪಿಗೆ ಬಣ್ಣ ಬಂದದೇನ್ಲಾ ಬೀರ?" ಎಂದು ಒಲೆಗೆ ಹಸಿ ಸೌದೆಯ ಬೊಡ್ಡೆ ತುರುಕಿದ. ಅವನ ಹೆಂಡತಿ ಸರಸಮ್ಮ ಸೊಪ್ಪು ನೋಡುವ ನೆವದಲ್ಲಿ ಬ್ಯಾರನ್ನಿನ ಬಾಗಿಲು ಹಾರುಹೊಡೆದು ನಿಂತಳು. ಅದೇ ಹೊತ್ತಿಗೆ ಕರೆಂಟೂ ಹೋಯಿತು.

ಕಿರಣನ ಎದೆ ಬೋನಿಗೆ ಬಿದ್ದ ಇಲಿಯಂತೆ ಹಾರಿತು. ಆದರೆ ಪೆಟ್ಟಿಗೆಯೊಳಗಿನ ಬ್ಯಾಟರಿ ಎಚ್ಚೆತ್ತಿತು. ಫ್ಯಾನು ಗುಯ್ಯೆಂದಿತು, ಕಿಟಕಿ ರೆಪ್ಪೆ ಬಡಿಯಿತು. ಗೋಡೆಯ ಮೇಲಿದ್ದ ಮಾಪಕದ ಮುಳ್ಳು ಮಾತ್ರ ಹಠ ಹಿಡಿದ ಕೋಣನಂತೆ ನಿಂತಲ್ಲೇ ನಿಂತಿತು.

"ಶಭಾಷ್!" ಗೈಡ್ ಒಲೆಯ ಕಟ್ಟೆ ಮೇಲೇ ಸಹಿ ಹಾಕಿ, ಮುದ್ದೆ ಉಂಡು, ಕಾರು ಹತ್ತಿದರು.

ಮಧ್ಯಾಹ್ನ ಅತ್ತೆ ಲಕ್ಕಮ್ಮ ಬ್ಯಾರನ್ನಿನೊಳಗೆ ಇಣುಕಿ ಬಂದಳು. "ಎಲೆ ಚೆಂದಾಗಿ ಅಳದಿಗೆ ತಿರುಗ್ಯದೆ. ಇನ್ ಕಾವು ಏರಿಸ್ರಪ್ಪ, ಇಲ್ದಿದ್ರೆ ಕರ್ರಗಾಯ್ತದೆ."

ಕಿರಣ್ ಓಡಿ ಹೋಗಿ ಬೀಗ ಜಗ್ಗಿದ. ಕಾವು ಏರಿಸುವ ಗುಂಡಿ ಪೆಟ್ಟಿಗೆಯೊಳಗೆ. ಬೀಗದ ಕೈ ಗೈಡ್ ಅಮರನಾಥರ ಜೇಬಿನಲ್ಲಿ. ಅವರ ಫೋನು ಸ್ವಿಚ್ ಆಫ್.

"ಸೌದೆ ತುರುಕ್ಲಾ ದೇವಯ್ಯ!" ಎಂದ ಮಾವ. ತುರುಕಿದಷ್ಟೂ ಮೇಲಿನ ಕಿಟಕಿ ಬಾಯಿ ತೆರೆಯಿತು. ಲಕ್ಕಮ್ಮ ಏಣಿ ಹತ್ತಿ ಕಿಟಕಿಗೆ ಗೋಣಿಚೀಲ ಗಿಡಿದರೆ ಫ್ಯಾನು ನಿಂತು ಬೆಂಕಿ ಮಲಗಿತು. ಕರೆಂಟಿನ ವೈರು ಕಿತ್ತರು, ಬ್ಯಾಟರಿ ಕ್ಯಾರೇ ಅನ್ನಲಿಲ್ಲ.

"ಇದ್ಯಾಕ್ ಅಳಿಮಯ್ಯ, ನಾವ್ ಮಾಡಿದ್ದುಕ್ಕೆಲ್ಲ ಎದುರಾಡ್ತದೆ?"

"ನಾವು ಏನ್ ಮಾಡಿದ್ರೂ ಅದಕ್ಕೆ ತೊಂದ್ರೆ ಅಂತ್ಲೇ ಲೆಕ್ಕ, ಮಾವ. ಅದನ್ನ ತಡ್ಕೊಳ್ಳುತ್ತೆ ಅಂತ್ಲೇ ಪಿಎಚ್‌ಡಿ."

ಮಾವ ಸೀದಾ ಮನೆಗೆ ಹೋದ. ಕೊಡಲಿ ತಂದ. ಕಿರಣನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಎಲೆಯ ಅಂಚು ಕಣ್ಣೆದುರೇ ಕಂದುತ್ತಿತ್ತು. ಬೀಗದ ಜೊತೆ ಪೆಟ್ಟಿಗೆಯೊಳಗಿನ ಯಂತ್ರವೂ ಚೂರುಚೂರಾಯಿತು. ಲಕ್ಕಮ್ಮ ಬೀಸಣಿಗೆ ಹಿಡಿದು ಒಲೆ ಮುಂದೆ ಕೂತಳು. ಮುಳ್ಳು ಕೊನೆಗೂ ಮೇಲೆದ್ದಿತು. ಸೊಪ್ಪು ಉಳಿಯಿತು.

ಹೋಗಲಿ, ಸಹಿಯಂತೂ ಸಿಕ್ಕಿತಲ್ಲ ಎಂದು ಕಿರಣ್ ಕಟ್ಟೆ ಮೇಲೆ ಕುಸಿದ. ಫೋನು ಬಡಿದುಕೊಂಡಿತು. ಗೈಡ್.

"ಕಿರಣ್, ಬೀಗದ ಕೈ ನನ್ ಹತ್ರಾನೇ ಉಳಿದ್ಬಿಟ್ಟಿದೆ, ಗಾಬರಿ ಬೇಡ. ನಾಳೆ ಪೆಟ್ಟಿಗೆ ಹಾಸನಕ್ಕೆ ತನ್ನಿ. ಹೊರಗಿನ ಪರೀಕ್ಷಕರು ಬಂದಿದಾರೆ. ಯಾರು ಏನ್ ಮಾಡಿದ್ರೂ ಅದು ಜಗ್ಗಲ್ಲ ಅಂದೆ, ನಂಬ್ತಿಲ್ಲ. ಕಣ್ಣಾರೆ ನೋಡಿದ ಮೇಲೇ ಅವರ ಸಹಿಯಂತೆ."

ಕಿರಣ್ ಕೊಡಲಿಯನ್ನೇ ನೋಡುತ್ತಾ ಕೂತ. ದೇವಯ್ಯ ಚೂರುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಏನನ್ನೋ ಎತ್ತಿ ಹಿಡಿದ.

"ಅಳಿಯಂದ್ರೇ, ಈ ಬ್ಯಾಟ್ರಿ ಒಂದು ಗಟ್ಟಿಯಾಗ್ ಅದೆ. ನಾನ್ ತಗಂಡೋಗ್ಲಾ?"