ಎಲ್ಲರ ಬ್ಲೌಸೂ ರೆಡಿ!

ಹೊಸಂಗಡಿಯಲ್ಲಿ ನನ್ನ ಹೆಂಡತಿ ಸುಮತಿಯ ಹೊಲಿಗೆ ಅಂಗಡಿ ಇದೆ. ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಅವಳು, "ಬ್ಲೌಸ್ ಆಯ್ತಾ?" ಎಂಬ ಮೆಸೇಜಿಗೆ ಉತ್ತರ ಬರೆಯುತ್ತಿದ್ದಳು. ಗಣಿತ ಕಲಿಸುವ ಮಾಸ್ಟ್ರಾದ ನನಗೆ ಇದನ್ನು ನೋಡಲಾಗಲಿಲ್ಲ.

"ಉತ್ತರ ಕೊಡಲಿಕ್ಕೆ ಒಂದು ಏಜೆಂಟ್ ಇಡುತ್ತೇನೆ," ಎಂದೆ.

"ಸಂಬಳ ಎಷ್ಟು?"

"ಸಂಬಳ ಇಲ್ಲ. ಅದು ಪ್ರೋಗ್ರಾಂ. ಕಂಪ್ಯೂಟರಿನೊಳಗೆ ಲಿನಕ್ಸ್ ಕಂಟೇನರಿನಲ್ಲಿ ಇರುತ್ತದೆ."

"ಊಟಕ್ಕೆ ಬರುವುದಿಲ್ಲ ಅಲ್ವಾ? ಹಾಗಾದರೆ ಇಡಿ."

ಕಂಟೇನರ್ ಎಂದರೆ ಕಂಪ್ಯೂಟರಿನೊಳಗೇ ಬೇರೆ ಬಾಗಿಲು ಹಾಕಿದ ಒಂದು ಕೋಣೆ. ಹೊರಗಿನದ್ದು ಒಳಗಿನದ್ದಕ್ಕೆ ತಾಗುವುದಿಲ್ಲ. ಇದನ್ನು ನಾನು ಸುಮತಿಗೆ ಬಹಳ ಗಾಂಭೀರ್ಯದಿಂದ ವಿವರಿಸಿದೆ. ನನಗೇ ಅರ್ಥವಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು!

ಪರೀಕ್ಷೆಗೆಂದು ಎಲ್ಲ ಗಿರಾಕಿಗಳ ಹೆಸರಿನ ಮುಂದೆ 'ರೆಡಿ' ಎಂದು ಹಾಕಿದ ಒಂದು ಪಟ್ಟಿಯನ್ನು ಒಳಗಿಟ್ಟಿದ್ದೆ. ಆಮೇಲೆ ಸರಿಪಡಿಸಿದೆ. ಹೊರಗೆ! ಒಳಗೆ ಹಳೆಯ ಪ್ರತಿಯೇ ಕುಳಿತಿತ್ತು. ಜೊತೆಗೆ ಏಜೆಂಟಿಗೆ, "ಬಿದ್ದರೆ ಕೂಡಲೇ ಹೊಸದಾಗಿ ಏಳಬೇಕು" ಎಂಬ ಆಜ್ಞೆಯನ್ನೂ ಕೊಟ್ಟಿದ್ದೆ.

ಬೆಳಿಗ್ಗೆ ಗುಂಡಿ ಒತ್ತಿದೆ. ಊರಿಡೀ ಮೆಸೇಜು ಹೋಯಿತು: ಬ್ಲೌಸ್ ರೆಡಿ!

ಮೊದಲು ಬಂದವರು ಮುಳ್ಳೇರಿಯದ ಜಲಜಕ್ಕ. ನಾಡಿದ್ದು ಅವರ ಮಗಳ ಮದುವೆ.

"ಕೊಡು ಸುಮತೀ, ಬೇಗ ಆಯ್ತಲ್ಲ ಮಾರಾಯ್ತಿ!"

ಮದುಮಗಳ ರೇಷ್ಮೆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರಲಿಲ್ಲ. ಸುಮತಿ ನನ್ನನ್ನು ನೋಡಿದಳು. ನಾನು ಕಂಪ್ಯೂಟರನ್ನು ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರ ಗುಂಪು!

ಏಜೆಂಟನ್ನು ನಿಲ್ಲಿಸಿದೆ, ಕಂಪ್ಯೂಟರಿನ ಭಾಷೆಯಲ್ಲಿ ಕೊಂದೆ. ಆಜ್ಞೆಯಂತೆ ಎದ್ದಿತು. ಹೊಸ ಜನ್ಮವಾದ್ದರಿಂದ ಹಿಂದೆ ಯಾರಿಗೆ ಕಳಿಸಿತ್ತು ಎಂಬ ನೆನಪು ಅದಕ್ಕಿಲ್ಲ. ಎಲ್ಲರಿಗೂ ಇನ್ನೊಮ್ಮೆ ಕಳಿಸಿತು. ಮತ್ತೆ ಕೊಂದೆ. ಮತ್ತೆ ಎದ್ದಿತು! ಗುಂಪಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಟಣ್ ಎಂದವು.

"ಇಲ್ಲಿ ನೋಡಿ ಮಾಸ್ಟ್ರೇ, ಈಗಲೂ ರೆಡಿ ಅಂತ ಉಂಟು!" ಎಂದು ಜಲಜಕ್ಕ ಫೋನನ್ನು ನನ್ನ ಮೂಗಿಗೇ ಹಿಡಿದರು.

ಆಗ ಒಂದು ಆಟೋ ಬಂತು. ಶಿರಿಯದ ಮೀನಿನ ಸುಂದರಣ್ಣ ಒಂದು ಬುಟ್ಟಿ ಬಂಗುಡೆ ಇಳಿಸಿದರು. ಅವರ ಹೆಂಡತಿಯ ಬ್ಲೌಸಿಗೆ ಕೊಟ್ಟಿದ್ದು ಅವರದೇ ನಂಬರ್. ಅವರ ಫೋನಿನಲ್ಲೂ ತಾನಾಗಿ ಉತ್ತರ ಕೊಡುವ ವ್ಯವಸ್ಥೆ ಇತ್ತು! ನಮ್ಮ ಮೆಸೇಜು ಸಿಕ್ಕಿದ ಕೂಡಲೇ "ಬಂಗುಡೆ ಉಂಟು, ಬೇಕಾ?" ಎಂದು ಅದು ಕೇಳಿತ್ತು. "ರೆಡಿ" ಎಂದಿತು ನಮ್ಮದು. "ಆರ್ಡರ್ ಸಿಕ್ಕಿತು" ಎಂದಿತು ಅದು. ಎರಡು ಯಂತ್ರಗಳು ಎಷ್ಟು ಮರ್ಯಾದೆಯಿಂದ ವ್ಯವಹಾರ ಮುಗಿಸಿದ್ದವು!

"ಟೈಲರ್ ಅಂಗಡಿಗೆ ಇಷ್ಟು ಬಂಗುಡೆ ಎಂತಕ್ಕೆ ಮಾಸ್ಟ್ರೇ?" ಎಂದರು ಸುಂದರಣ್ಣ.

ಸುಮತಿ ಎದ್ದು ಇಂಟರ್ನೆಟ್ಟಿನ ವಯರು ಕಿತ್ತಳು. ಶಾಂತಿ!

ಜಲಜಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುರ್ಚಿಯಲ್ಲಿ ಕುಳಿತರು. "ಬ್ಲೌಸ್ ಇಲ್ಲದೆ ನಾನು ಏಳುವುದಿಲ್ಲ." ಉಳಿದ ಹೆಂಗಸರು ಬೈಯುತ್ತಾ, ಬಂಗುಡೆಯನ್ನು ಮಾತ್ರ ಹಂಚಿಕೊಂಡು ಹೋದರು. ಸುಮತಿ ಊಟ ಬಿಟ್ಟು ಹೊಲಿದಳು. ಸಂಜೆಗೆ ಬ್ಲೌಸ್ ಆಯಿತು. ಹುಕ್ಕು, ಅದು ಸಿಕ್ಕುವ ಕುಣಿಕೆ ಹಾಕುವುದು ಮಾತ್ರ ಬಾಕಿ.

"ಅದನ್ನಾದರೂ ಮಾಡಿ. ಲೈನಿಗೆ ಸರಿಯಾಗಿ ಬರಬೇಕು," ಎಂದಳು.

ಪ್ರಾಯಶ್ಚಿತ್ತ ಸಿಕ್ಕಿತೆಂದು ಸ್ಕೇಲು ಹಿಡಿದು, ಸಮಾನ ಅಂತರದಲ್ಲಿ, ಗಣಿತ ಮೆಚ್ಚುವಂತೆ ಹಾಕಿಕೊಟ್ಟೆ. ಸುಮತಿ ಅದನ್ನು ಬೆಳಕಿಗೆ ಹಿಡಿದು ಎರಡು ಬದಿಯನ್ನೂ ಸೇರಿಸಲು ನೋಡಿದಳು.

ಎರಡೂ ಬದಿಗೆ ಹುಕ್ಕೇ ಹಾಕಿದ್ದೆ!